ಕೊಂಬೆಯಿಲ್ಲದ ಊರಿನ ಎರಡು ಕಪ್ಪು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ
ಸರಿಹೋಯಿತು ಎನ್ನಲು ಇಲ್ಲಿ ಕೊಂಬೆಯೇ ಇಲ್ಲ.
ಸಂದೋಯ್ ದ್ವೀಪದಲ್ಲಿ ಹುಲ್ಲು, ಕಲ್ಲು, ಕುರಿ,
ಉಳಿದದ್ದೆಲ್ಲ ಗಾಳಿ.
ಕಾಗೆ ಕೂರುವುದು ಬೇಲಿಗೂಟದ ಮೇಲೆ,
ಹುಲ್ಲು ಬೆಳೆದ ಮಾಡಿನ ಮೇಲೆ,
ಕೆಟ್ಟು ನಿಂತ ಟ್ರ್ಯಾಕ್ಟರಿನ ಸ್ಟೀರಿಂಗಿನ ಮೇಲೆ.

ಮೀನು ಕಾರ್ಖಾನೆಯ ಲೆಕ್ಕ ಬರೆಯಲು ಬಂದ ನಾನು
ಎರಡನ್ನೂ ಕಾಗೆ ಎಂದೆ.
ಎಲ್ಸ್ಪಾ ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು:
ಅದು ಕ್ರೌಕಾ. ಇದು ರಾವ್ನುರ್.
ದೋಣಿಗೂ ಹಡಗಿಗೂ ಒಂದೇ ಹೆಸರಿಟ್ಟವರು
ನಿಮ್ಮೂರಲ್ಲಿ ದಡ ಸೇರುವುದು ಹೇಗೆ?

ಅವಳ ಎಡಗಣ್ಣಿಗೆ ಪೊರೆ. ಬಲಗಣ್ಣು ಹೆಣಿಗೆಗೆ ಮೀಸಲು.
ಹಕ್ಕಿಗಳನ್ನು ಕಿವಿಯಿಂದ ನೋಡುತ್ತಾಳೆ.
ಕ್ರೌಕಾ ಎಣ್ಣೆ ಕಾಣದ ಬಾಗಿಲು, ತೆರೆದಾಗಲೆಲ್ಲ ಕಿರುಚು.
ರಾವ್ನುರ್ ಬಾವಿಯೊಳಗಿಂದ ಮಾತಾಡುತ್ತದೆ,
ಒಮ್ಮೊಮ್ಮೆ ಬಾಟಲಿ ಬಗ್ಗಿಸಿದಂತೆ ಗುಳಗುಳ.

ಮೊಮ್ಮಗ ಬ್ರಾಂದುರನಿಗೆ ಒಂಬತ್ತು. ಅವನದು ಬಾಲಶಾಸ್ತ್ರ:
ಬೀಸಣಿಗೆ ಬಿಚ್ಚಿದಂತಿದ್ದರೆ ಕ್ರೌಕಾ,
ಸೌದೆ ಸೀಳುವ ಬೆಣೆಯಂತಿದ್ದರೆ ರಾವ್ನುರ್.
ಗಂಟಲ ಕೆಳಗೆ ಗಡ್ಡ.
ಹಾರುಹಾರುತ್ತಲೇ ಅಂಗಾತ ಮಗುಚಿ
ಕಾರಣವೇ ಇಲ್ಲದೆ ಮತ್ತೆ ನೆಟ್ಟಗಾಗುವುದು ಅದೊಂದೇ.
ಕ್ರೌಕಾಗೆ ಅಷ್ಟು ಬಿಡುವಿಲ್ಲ. ಬೂದಿಬಣ್ಣದ
ತೋಳಿಲ್ಲದ ಸ್ವೆಟರು ತೊಟ್ಟು, ನೀರಿಳಿದ ದಂಡೆಯಲ್ಲಿ
ಚಿಪ್ಪು ಹೆಕ್ಕಿ, ಮೇಲೇರಿ, ಡಾಂಬರಿನ ಮೇಲೆ ಬೀಳಿಸಿ,
ಒಡೆಯದಿದ್ದರೆ ಮತ್ತೆ ಮೇಲೇರಿ.
ಕೂಲಿಯವನ ದಿನ.

ಮೇ ತಿಂಗಳು, ಮರಿ ಹಾಕುವ ಹೊತ್ತು.
ಗುಡ್ಡದ ಮೇಲೊಂದು ಕುರಿ ರಾತ್ರಿಯೇ ಸತ್ತಿತ್ತು.
ಮರಿಯನ್ನು ಬ್ರಾಂದುರ್ ಅಂಗಿಯೊಳಗೆ ತಂದು
ಒಲೆ ಪಕ್ಕ ಇಟ್ಟಿದ್ದ.
ಮೊದಲು ಬಂದದ್ದು ಕ್ರೌಕಾ. ಸುತ್ತ ನಡೆಯಿತು,
ಬಡ್ಡಿಗೆ ಬಂದವನ ಹಾಗೆ.
ಉಣ್ಣೆ ಎಳೆಯಿತು, ಗೂಡಿಗಾಯಿತು.
ತೊಗಲು ಮಾತ್ರ ಜಗ್ಗಲಿಲ್ಲ.
ಹಸಿವಿಗೆ ತಕ್ಕ ಕೊಕ್ಕು ಎಲ್ಲರಿಗೂ ಕೊಡೋದಿಲ್ಲ ಅವನು,
ಎಂದಳು ಎಲ್ಸ್ಪಾ, ಹೆಣಿಗೆಯಿಂದ ತಲೆಯೆತ್ತದೆ.

ಮಧ್ಯಾಹ್ನ ರಾವ್ನುರ್ ಜೋಡಿ.
ಹತ್ತಿರ ಬಂದು, ಹೌಹಾರಿ ಹಿಂದಕ್ಕೆ ನೆಗೆದು,
ಮತ್ತೆ ಬಂದು, ಮತ್ತೆ ನೆಗೆದು.
ಅಷ್ಟು ದೊಡ್ಡ ಹಕ್ಕಿಗೆ
ಸತ್ತದ್ದು ನಿಜಕ್ಕೂ ಸತ್ತಿದೆಯೋ ಎಂಬ ಅನುಮಾನ.
ಆಮೇಲೆ ಕಣ್ಣು. ಮೊದಲು ಕಣ್ಣು.
ಕಿಟಕಿಯಲ್ಲಿ ನಿಂತು ನಾನು ಹೇಳುತ್ತಿದ್ದೆ,
ಎಲ್ಸ್ಪಾಳ ಕಡ್ಡಿಗಳು ನಿಂತವು.
ಆಮೇಲೆ ಹೊಟ್ಟೆ.
ಕ್ರೌಕಾ ಹನ್ನೆರಡು ಹೆಜ್ಜೆ ದೂರದಲ್ಲಿ ಕಾದಿತ್ತು,
ಬಡ್ಡಿಯವನಿಗೂ ಬೀಗ ತೆಗೆಯುವವನು ಬೇಕು.

ನಮ್ಮ ಮುತ್ತಜ್ಜನ ಅಪ್ಪನ ಕಾಲಕ್ಕೆ, ಎಂದಳು,
ಹುಟ್ಟು ಹಾಕಬಲ್ಲ ಗಂಡಸೆಲ್ಲ
ವರ್ಷಕ್ಕೊಮ್ಮೆ ಕೊಕ್ಕಿನ ತೆರಿಗೆ ಕಟ್ಟಬೇಕಿತ್ತು.
ರಾವ್ನುರ್ ಆದರೆ ಒಂದು ಸಾಕು. ಕ್ರೌಕಾ ಆದರೆ ಎರಡು.
ಸರ್ಕಾರಕ್ಕೆ ತಿಳಿದ ವ್ಯತ್ಯಾಸ ಅಷ್ಟೇ.

ಹೊಟ್ಟೆ ತುಂಬಿದ ಮೇಲೆ ರಾವ್ನುರ್ ಕೊಬ್ಬಿನ ತುಂಡೊಂದನ್ನು
ಪಾಚಿಯಡಿ ಹೂತು, ಹುಲ್ಲು ಎಳೆದು, ಸುತ್ತ ನೋಡಿತು.
ಕ್ರೌಕಾ ನೋಡುತ್ತಿತ್ತು.
ಹೂತದ್ದನ್ನು ತೆಗೆದು, ಮೂರು ಕಡೆ ಕೊಕ್ಕು ಊರಿ
ಇಟ್ಟಹಾಗೆ ಮಾಡಿ, ತುಂಡನ್ನು ಗಂಟಲಲ್ಲೇ ಇಟ್ಟುಕೊಂಡು
ಬಂಡೆಯಾಚೆ ಹೋಯಿತು.
ಕ್ರೌಕಾ ಮೂರೂ ಕಡೆ ಕೆದಕಿತು.
ಕಾಗೆಗೇ ಕಾಗೆ ಹಾರಿಸುವುದು ಎಂದರೆ ಇದು, ಅಂದೆ.
ಅದನ್ನು ಅಜ್ಜಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಂಜೆ.

ಗಾಳಿ ನುಗ್ಗುವ ಹಲಗೆಮನೆಯಿಂದ ಒಣತೊಡೆ ತಂದಳು,
ಅಕ್ಟೋಬರಿನಿಂದ ತೂಗಿದ್ದು. ವಾಸನೆಗೇ ನನ್ನ ಕಣ್ಣು ಹನಿಯಿತು.
ತೆಳ್ಳಗೆ ಕೊಯ್ದು ಮೊದಲ ತುಂಡು ಹುಡುಗನಿಗೆ.
ನಾವು ಯಾವುದಜ್ಜಿ, ರಾವ್ನುರೋ ಕ್ರೌಕಾನೋ?
ಎಲ್ಲಿ, ಕೊಕ್ಕು ತೋರಿಸು, ಎಂದು ಅವನ ಗಲ್ಲ ಹಿಡಿದು
ಬೆಳಕಿಗೆ ತಿರುಗಿಸಿ
ಒಂದೇ ಕಣ್ಣಲ್ಲಿ ಬಹಳ ಹೊತ್ತು ನೋಡಿದಳು.

ಒಲೆಯ ಪಕ್ಕ ಮರಿ ಬಾಟಲಿ ಚೀಪುತ್ತಿತ್ತು.
ಹೊರಗೆ ತಗಡಿನ ಮೇಲೆ ಟಣ್ ಎಂದಿತು ಚಿಪ್ಪು.
ಒಡೆಯಲಿಲ್ಲ.
ಸ್ವಲ್ಪ ತಡೆದು, ಮತ್ತೆ ಟಣ್.